ಎಂಟು ಸೆಕೆಂಡಿನ ಸಾಲು

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಫೋನಿನಲ್ಲಿ ಹೇಳುವ ವಿಷಯವಲ್ಲ, ಬರೆಯಲು ಧೈರ್ಯವಿರಲಿಲ್ಲ. ಭಾವನ ಮಂಡಿನೋವು ಹೇಗಿದೆ?

ನೀನು ನಿವೃತ್ತಳಾದ ಮೇಲೆ ಕಾರ್ಖಾನೆಯ ಕಾಗದ ಕತ್ತರಿಸುವ ಯಂತ್ರಗಳ ಪ್ರೋಗ್ರಾಮೆಲ್ಲ ನನ್ನ ತಲೆಗೇ ಬಿತ್ತು. ಕೋಡ್ ಬರೆಯಲು ಎಐ ಸಹಾಯಕ ತರಿಸಿಕೊಟ್ಟರು. ಮೊದಮೊದಲು ಮೂಗು ಮುರಿದೆ. ಆಮೇಲೆ ಕಲಿತೆ ಅಕ್ಕ, ಚೆನ್ನಾಗಿಯೇ ಕಲಿತೆ. ಸಣ್ಣ ತುಂಡು ಮಾಡಿ ಕೇಳುವುದು, ಅದು ಕೊಟ್ಟದ್ದನ್ನು ಪರೀಕ್ಷಿಸಿ ನೋಡುವುದು. ನೀನು ಇಪ್ಪತ್ತು ವರ್ಷ ಹೆಣೆದ ಗೋಜಲನ್ನು ಎರಡೇ ವಾರದಲ್ಲಿ ಬಿಡಿಸಿದೆ. ಮಾಲೀಕರು, "ಅಕ್ಕನ್ನೇ ಮೀರಿಸಿಬಿಟ್ರಲ್ಲಮ್ಮ!" ಅಂದರು. ನಾನು ಉಬ್ಬಿಹೋದೆ.

ಆ ಗೋಜಲಿನಲ್ಲೊಂದು ಸಾಲಿತ್ತು: ಮೋಟಾರು ನಿಂತ ಮೇಲೂ ಎಂಟು ಸೆಕೆಂಡು ಕಾದು, ಆಮೇಲೆ ಮುಚ್ಚಳದ ಬೀಗ ತೆಗೆ. ಏಕೆಂದು ನೀನು ಬರೆದಿಟ್ಟಿರಲಿಲ್ಲ, ಮಹರಾಯ್ತಿ. ಅದು ಹೋಯಿತು. ಪರೀಕ್ಷೆಗಳೆಲ್ಲ ಪಾಸಾದವು, ಕಂಪ್ಯೂಟರಿನೊಳಗಿನ ಪರೀಕ್ಷೆಗೆ ಬ್ಲೇಡು ಎಲ್ಲಿಂದ ಬರಬೇಕು? ಮೋಟಾರು ನಿಂತರೂ ಆ ದುಂಡನೆಯ ಬ್ಲೇಡು ಸ್ವಲ್ಪ ಹೊತ್ತು ತನ್ನ ಪಾಡಿಗೆ ತಿರುಗುತ್ತಿರುತ್ತದೆ ಎಂಬುದು ನನಗೆ ಮೂರು ವಾರದ ಹಿಂದೆ ಒಂದು ಮಂಗಳವಾರ ಗೊತ್ತಾಯಿತು.

ಆ ಯಂತ್ರ ನಡೆಸುವ ನಮ್ಮ ಗುಂಗುರು ಕೂದಲಿನ ಹುಡುಗಿ, ನಿನ್ನ ಊಟದ ಡಬ್ಬಿಗೆ ಕೈ ಹಾಕಿ ಕಿತ್ತು ತಿನ್ನುತ್ತಿದ್ದವಳು, ಸಿಕ್ಕಿಕೊಂಡ ಹಾಳೆ ತೆಗೆಯಲು ಹೋದಳು. ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವಳೇ, "ನಂದೇ ತಪ್ಪು ಕಣಕ್ಕ, ಆತುರ ಮಾಡ್ಬಿಟ್ಟೆ" ಅಂದಳು. ನಾನು ತಂದಿದ್ದ ಹಣ್ಣನ್ನು ಮಂಚದ ಪಕ್ಕ ಇಟ್ಟೆ. ಅವಳ ಅಮ್ಮ ಅವಳಿಗೆ ಗಂಜಿ ಕುಡಿಸುತ್ತಿದ್ದರು.

ತಿಂಗಳ ಕೊನೆಗೆ ವಿಚಾರಣೆ. "ಎಐ ತಾನಾಗೇ ತೆಗೀತು ಅಂದ್ಬಿಡಿ, ಯಾರ ತಲೆಗೂ ಬರಲ್ಲ" ಅಂತ ಮಾಲೀಕರೇ ಹೇಳಿಕೊಟ್ಟರು. ಹಾಗೆಂದೇ ಬರೆದು ಸಹಿ ಹಾಕಿದೆ.

ನಿನ್ನ ಮಕ್ಕಳು ಸುಖವಾಗಿರಲಿ, ಅವರ ಚಿಕ್ಕಮ್ಮನ ಬುದ್ಧಿ ಅವರಿಗೆ ಬಾರದಿರಲಿ.

ನಿನ್ನ ತಂಗಿ

ತಾ.ಕ.: ಅದು ತಾನಾಗಿ ತೆಗೆಯಲಿಲ್ಲ ಅಕ್ಕ. ನನ್ನನ್ನು ಕೇಳಿತ್ತು. "ಈ ಎಂಟು ಸೆಕೆಂಡಿಗೆ ಯಂತ್ರದ ಕಡೆಯಿಂದ ಏನೋ ಕಾರಣವಿರಬಹುದು. ಬರೆದವರನ್ನು ಒಮ್ಮೆ ಕೇಳುತ್ತೀರಾ?" ನಿನ್ನ ನಂಬರು ತೆಗೆದೆ. ಇನ್ನೆಷ್ಟು ದಿನ ಎಲ್ಲಕ್ಕೂ ಅಕ್ಕನನ್ನೇ ಕೇಳಬೇಕು ಅನ್ನಿಸಿ ಫೋನು ಕೆಳಗಿಟ್ಟೆ. "ಅಕ್ಕನನ್ನು ಕೇಳಿದೆ, ಕಾರಣವೇನೂ ಇಲ್ಲವಂತೆ, ತೆಗೆ" ಎಂದು ಟೈಪ್ ಮಾಡಿದೆ. ಆ ಸಂಭಾಷಣೆ ನಿನ್ನೆ ವಿಚಾರಣೆಯವರ ಕೈಗೆ ಸಿಕ್ಕಿದೆ. ನಿನಗೆ ಫೋನು ಮಾಡಿ, ಹಾಗೆ ಹೇಳಿದ್ದು ನಿಜವೇ ಎಂದು ಕೇಳುತ್ತಾರೆ. ನಿಜವನ್ನೇ ಹೇಳು ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.