ಮೋಡದ ಗೋಡೆ

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಇಲ್ಲಿ ನನಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಇವರ ಕಣ್ಣಿನ ಆಪರೇಷನ್ ಆಯಿತು. ಸೋಮವಾರ ಪಟ್ಟಿ ಬಿಚ್ಚುತ್ತಾರೆ. "ಚೆನ್ನಾಗಿ ಕಾಣುತ್ತೆ, ಧೈರ್ಯವಾಗಿರಿ" ಎಂದು ಡಾಕ್ಟರು ಇವರಿಗೆ ಹೇಳಿದರು. ಧೈರ್ಯ ಬೇಕಾಗಿರುವುದು ನನಗೆ.

ಪುಟ್ಟಿ ತೊಟ್ಟಿಲಲ್ಲಿದ್ದಾಗ ಇವರ ದೃಷ್ಟಿ ಹೋಯಿತಲ್ಲ, ಅಂದಿನಿಂದ ಇವರಿಗೆ ಮನೆಯೆಂದರೆ ನನ್ನ ಮಾತು. ನನ್ನ ಮಾತೋ, ಪೇಂಟ್ ಅಂಗಡಿಯಲ್ಲಿ ಪಳಗಿದ್ದು. ಮಾಲೀಕರು ದಿನಾ ಹೇಳುತ್ತಾರೆ: "ಮಾಸಲು ಹಳದಿ ಅಂದ್ರೆ ಡಬ್ಬ ಇಲ್ಲೇ ಕೊಳೆಯುತ್ತೆ. ಬೆಣ್ಣೆ ಬಣ್ಣ ಅನ್ನಮ್ಮ, ಸಂಜೆಯೊಳಗೆ ಖಾಲಿ." ಆ ಚಾಳಿ ಮನೆಗೂ ಬಂತು. ಕಿಟಕಿ ಪಕ್ಕದ ಗೋಡೆಗೆ ಬೂಷ್ಟು ಹಿಡಿದಾಗ ಇವರು, "ಗೋಡೆ ಹೇಗಿದೆ?" ಎಂದು ಕೇಳಿದರು. "ಮೋಡ ಕವಿದ ಹಾಗಿದೆ" ಎಂದೆ. ಅಷ್ಟೇ, ಇವರ ಕುರ್ಚಿ ಅಲ್ಲಿಗೇ ಹೋಯಿತು. ಬಂದವರಿಗೆಲ್ಲ "ನಮ್ಮ ಮೋಡ ನೋಡಿದ್ರಾ?" ಎನ್ನುವುದು. ಬಂದವರು ಟೀ ಲೋಟದೊಳಗೆ ನಗುವುದು.

"ಅಮ್ಮಾ, ಅಪ್ಪ ನಿಜವಾಗ್ಲೂ ನೋಡಿಬಿಟ್ರೆ?" ಎಂದು ಪುಟ್ಟಿ ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಿನ್ನೆ ಗೋಡೆ ಕೆರೆದು ಬಿಳಿ ಬಳಿದೆ. ಇವರು ಬಂದು ಕೂತವರೇ ಮೂಗರಳಿಸಿದರು.

"ಮೋಡ ಅಳಿಸಿಬಿಟ್ಯಾ?"

"ಅದು ಬೂಷ್ಟು ಕಣ್ರೀ. ಮೊದಲಿಂದಲೂ ಬೂಷ್ಟೇ."

"ಗೊತ್ತು. ಮೂಗು ನೆಟ್ಟಗಿದೆ ನಂಗೆ. ಆದ್ರೆ ನೀನು ಮೋಡ ಅಂದ ಮೇಲೆ ಇಲ್ಲಿ ಕೂತ್ರೆ ಹೊರಗಡೆ ಕೂತ ಹಾಗಿರ್ತಿತ್ತು. ಈಗ ಗೋಡೆ ಪಕ್ಕ ಕೂತಿದೀನಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇವತ್ತು ಅಂಗಡಿಯಲ್ಲಿ ಗಿರಾಕಿಗೆ ಹಸಿರನ್ನು ಬರೀ ಹಸಿರು ಎಂದೆ, ಮಾಲೀಕರು ಕಣ್ಣು ಬಿಟ್ಟರು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರೂ ತಣ್ಣಗಿರಿ. ಸೋಮವಾರ ಬೆಳಿಗ್ಗೆ ನಮ್ಮನ್ನೊಮ್ಮೆ ನೆನೆಸಿಕೋ.

ನಿನ್ನ ತಂಗಿ

ಇನ್ನೊಂದು ಮಾತು: ಇವರು ಬೆಕ್ಕಿನ ಬಾಲ ಹೇಗಿದೆ ಎಂದು ಕೇಳಿದ್ದಾರೆ, ಎದುರುಮನೆಯ ಹೊಸ ಗೇಟು ಹೇಗಿದೆ ಎಂದು ಕೇಳಿದ್ದಾರೆ, ಪುಟ್ಟಿಯ ಹಲ್ಲು ಬಿದ್ದ ಬಾಯಿ ಹೇಗಿದೆ ಎಂದು ನೂರು ಸಲ ಹೇಳಿಸಿಕೊಂಡಿದ್ದಾರೆ. "ನಿನ್ನ ಮುಖ ಈಗ ಹೇಗಿದೆ?" ಎಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ, ಅಕ್ಕ. ಕೇಳಿದರೆ ಇರಲಿ ಎಂದು ಕನ್ನಡಿ ಮುಂದೆ ನಿಂತು ಎಷ್ಟೋ ಸಲ ಮಾತು ಹೊಂದಿಸಿಟ್ಟುಕೊಂಡಿದ್ದೆ. ಸೋಮವಾರ ಆ ಮುಖ ಒಂದು ಮಾತಿನ ಆಸರೆಯೂ ಇಲ್ಲದೆ ಇವರೆದುರು ನಿಲ್ಲಬೇಕು.