ನಿನ್ನ ಹೂಂ ವಾಪಸ್ ಹಾಕಿಸಿದೆ

ಅಮರೇಶಣ್ಣನಿಗೆ,

ನಾನು ಹನುಮೇಶ, ಮಸ್ಕಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಸುದ್ದಿ ಕೇಳಿದರೆ ಉತ್ತರ ಬರೆಯುವವನು ನೀನಲ್ಲ. ಬದುಕಿದ್ದಾಗಲೂ ನನ್ನ ಮೆಸೇಜುಗಳಿಗೆ ಹೆಬ್ಬೆರಳಿನ ಚಿತ್ರ ಬಿಟ್ಟು ಬೇರೇನೂ ಕಳಿಸಲಿಲ್ಲ. ಹಾಗಾಗಿ ನಾನೇ ಹೇಳುತ್ತ ಹೋಗುತ್ತೇನೆ.

ಶಾರ್ಜಾದ ಆ ಶುಕ್ರವಾರ ನೆನಪಿದೆಯೇ? ನಮ್ಮ ಕೋಣೆಯ ಎ.ಸಿ. ರಿಪೇರಿಗೆ ಬಂದ ನೀನು, ಗ್ಯಾಸ್ ತುಂಬುವ ತನಕ ಸ್ಕ್ರೂಡ್ರೈವರಿನಿಂದ ಡಬ್ಬಿ ಬಡಿಯುತ್ತ ಕುಳಿತಿದ್ದೆ. ಹಿಂದಿನ ದಿನವಷ್ಟೇ ಕೋಣೆಗೆ ಬಂದಿದ್ದ ಯಂಕೋಬ ಮಂಚದ ಮೇಲೆ ಕುಳಿತು ಅದೇ ತಾಳಕ್ಕೆ ಗಿಟಾರ್ ಮೀಟಿದ. ಲಾಂಡ್ರಿ ವ್ಯಾನಿನ ಡ್ರೈವರ್ ನಾನು, ಸುಮ್ಮನಿರಲಾರದೆ ಬಾಯಿ ತೆಗೆದು ಹಾಡಿದೆ. ಯಾವೂರು, ಯಾವೂರು ಎಂದು ವಿಚಾರಿಸಿದರೆ ಅವನು ಸಿಂಧನೂರಿನ ಕಡೆ ದಢೇಸುಗೂರಿನವ, ನೀನು ಲಿಂಗಸೂಗೂರಿನವ. ‘ಮೂರು ತಾಲ್ಲೂಕು’ ಎಂದು ಬ್ಯಾಂಡಿಗೆ ಹೆಸರಿಟ್ಟೆವು.

“ನಿಮ್ಮ ಮಸ್ಕಿ ಮೊನ್ನೆ ಮೊನ್ನೆ ತಾಲೂಕ ಆಗೇತಿ. ಅಲ್ಲಿತನಕ ನಮ್ಮ ಕೈಯಾಗ ಇತ್ತಲೇ,” ಎಂದೆ ನೀನು.

“ಇರ್ಲಿ ಬಿಡಣ್ಣ, ಈಗ ಸರಿಸಮ ಅದೀವಿ,” ಎಂದೆ ನಾನು.

ಇದು ಆಲ್ಟರ್ನೇಟಿವ್ ರಾಕ್ ಎಂದು ಯಂಕೋಬ ಹೇಳಿದಾಗ ನೀನು ಕೇಳಿದ್ದೆ, “ಹಂಗಂದ್ರ ಏನಲೇ?” ಅವನು ಸ್ವಲ್ಪ ಯೋಚಿಸಿ, “ಮದುವಿಗಿ ಯಾರೂ ಕರಿಯಂಗಿಲ್ಲಣ್ಣ, ಅಂಥಾ ಹಾಡು,” ಎಂದ.

ನನ್ನ ದೊಡ್ಡವ್ವ ಶೇಂಗಾ ಸುಲಿಯುತ್ತ ಕತೆ ಹೇಳುತ್ತಿದ್ದುದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ. ಕೇಳುವವರು ಸಾಲು ಸಾಲಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. “ನಾ ಏನು ಗ್ವಾಡಿಗಿ ಹೇಳಾಕತ್ತೀನೇನು?” ಎಂದು ಬೈಯುತ್ತಿದ್ದಳು. ನಮ್ಮ ಹಾಡುಗಳೆಲ್ಲ ಅವಳ ಕತೆಗಳೇ ಅಲ್ಲವೇ? ನಾನೊಂದು ಸಾಲು ಹಾಡಿದರೆ ನೀನು ಡ್ರಮ್ಮಿನ ಹಿಂದಿನಿಂದ ‘ಹೂಂ’ ಎನ್ನುತ್ತಿದ್ದೆ, ಆಮೇಲೆ ಕೋಲು ಬೀಳುತ್ತಿತ್ತು, ಆಮೇಲೆ ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಯಾರೂ ಕಲಿಸಿದ್ದಲ್ಲ ಅದು.

ಮೊದಲ ಆಲ್ಬಂ ರೆಕಾರ್ಡ್ ಮಾಡಿದ ವಾರ ನಿನಗೆ ಡ್ಯೂಟಿ ಇತ್ತು, ಕೊನೆಯ ದಿನ ಸ್ಟುಡಿಯೋಗೆ ನೀನು ಬರಲಿಲ್ಲ. ರೆಕಾರ್ಡಿಂಗಿನ ಕೇರಳದ ಹುಡುಗ ಹಿಂದಿಯಲ್ಲಿ ನನ್ನನ್ನು ಕೇಳಿದ, ಏಳೂ ಹಾಡಿನಲ್ಲಿ ಡ್ರಮ್ಮರ್ ಕೆಮ್ಮುತ್ತಿದ್ದಾನೆ, ತೆಗೆದುಬಿಡಲೇ ಎಂದು. ಅದು ಕೆಮ್ಮಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ನಮ್ಮ ಹಾಡು ದೊಡ್ಡ ಊರಿನವರ ಹಾಡಿನಂತೆ ನುಣುಪಾಗಿ ಕೇಳಲಿ ಎಂಬ ಆಸೆ ನನಗೆ. ತೆಗೆ ಎಂದೆ. ದೊಡ್ಡವ್ವನ ಕೈಯಲ್ಲಿ ಬೆಳೆದವನು ಹಾಗೆ ಅಂದೆನಲ್ಲ...

ವ್ಯಾನಿನಲ್ಲಿ ಕುಳಿತು ನೀನು ಏಳೂ ಹಾಡು ಕೇಳಿದೆ. ಸಿಗ್ನಲ್ ಬಿದ್ದಾಗ ನನ್ನ ಕಡೆ ತಿರುಗಿದೆ.

“ನನ್ನ ಹೂಂ ಎಲ್ಲಿ ಹೋತಲೇ?”

“ಅಡ್ಡ ಬರ್ತಿತ್ತಂತಣ್ಣ.”

“ಅಡ್ಡ ಬರ್ತಿತ್ತೇನು,” ಎಂದೆ ನೀನು. ಹಸಿರು ದೀಪ ಬಂತು. ಮತ್ತೆ ಆ ಮಾತು ಎತ್ತಲಿಲ್ಲ.

ಆಲ್ಬಂ ಓಡಿತು. ದುಬೈ, ಮನಾಮ, ದೋಹಾ ಸುತ್ತಿದೆವು. ಬೆಂಗಳೂರಿನವರೂ ಒಮ್ಮೆ ಕರೆಸಿದರು. ನಿನ್ನ ಕೈ ಒಂದು ಪೆಟ್ಟೂ ತಪ್ಪಲಿಲ್ಲ. ಬಾಯಿ ಮಾತ್ರ ಮುಚ್ಚಿಕೊಂಡೇ ಇತ್ತು. ನಾನು ಸಾಲಿನ ಮೇಲೆ ಸಾಲು ಹಾಡಿ ಓಡತೊಡಗಿದೆ. “ಯಾಕ ಓಡಾಕತ್ತೀಯೋ, ಮುದಗಲ್ ಬಸ್ ತಪ್ಪತೈತೇನು?” ಎಂದು ಯಂಕೋಬ ಸ್ಟೇಜಿನಿಂದ ಇಳಿಯುತ್ತಲೇ ಬೈದ. ಕಾರಣ ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಎರಡು ವರ್ಷ ಹಾಗೇ ನಡೆಸಿದೆವು. ತಪ್ಪಾಯಿತಣ್ಣ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ನೀನು ರಜೆಗೆ ಹೊರಡುವ ಹಿಂದಿನ ದಿನ ಹೊಸ ಹಾಡು ಕಟ್ಟುತ್ತಿದ್ದೆವು. ಮುದಗಲ್ಲಿನ ಮುದುಕಿಯೊಬ್ಬಳ ಎಮ್ಮೆ ಕಳೆದ ಕತೆ. ಅವಳು ಊರೂರು ಕೇಳುತ್ತ ಕಾಲುವೆ ದಾಟಿ ಹೋಗುತ್ತಾಳೆ. ‘ಸಂಜೀ ಆತು, ಎಮ್ಮಿ ಇಲ್ಲ’ ಎಂದು ನಾನು ಹಾಡಿದಾಗ ನೀನು ಮೈಮರೆತು ‘ಹೂಂ’ ಎಂದೆ. ಒಂದೇ ಸಲ. ನಾನು ನೋಡಿದೆ, ನೀನು ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ನಿನಗೆ ಡ್ಯೂಟಿಯ ಫೋನ್ ಬಂತು.

“ಎಮ್ಮಿ ಸಿಗ್ತೈತೋ ಇಲ್ಲೋ, ಅಷ್ಟರ ಹೇಳು,” ಎಂದೆ ನೀನು ಬಾಗಿಲಲ್ಲಿ.

“ಹಂಗ ಹೇಳಿದ್ರ ಕತಿ ಆಗಂಗಿಲ್ಲಣ್ಣ. ಬಂದಮ್ಯಾಲೆ ಕೂತು ಕೇಳು.”

“ಆತು.”

ಹನ್ನೆರಡು ದಿನಕ್ಕೆ ಊರಿನಿಂದ ಫೋನ್ ಬಂತು, ಎದೆನೋವಂತೆ, ದವಾಖಾನೆ ಮುಟ್ಟಲಿಲ್ಲವಂತೆ.

ಆಮೇಲೆ ಗೋವಾದ ಒಬ್ಬ ಡ್ರಮ್ಮರ್ ಜೊತೆ ಎರಡು ಕಡೆ ನುಡಿಸಿದೆವು. ಅವನು ಚೆನ್ನಾಗಿ ಬಾರಿಸಿದ, ಆದರೆ ಕತೆ ಕೇಳಲಿಲ್ಲ. ಅಲ್ಲಿಗೆ ‘ಮೂರು ತಾಲ್ಲೂಕು’ ಮುಗಿಯಿತು. ಯಂಕೋಬ ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೇರಳದ ಹುಡುಗ ತೆಗೆದದ್ದನ್ನು ಎಸೆದಿರಲಿಲ್ಲ ಎಂದು ಪತ್ತೆ ಮಾಡಿದವನು ಅವನೇ. ಏಳೂ ಹಾಡಿಗೆ ನಿನ್ನ ಹೂಂ ವಾಪಸ್ ಹಾಕಿಸಿ ಆಲ್ಬಂ ಮತ್ತೆ ಬಿಡುಗಡೆ ಮಾಡಿದ್ದೇವೆ.

ಹೋದ ತಿಂಗಳು ಲಿಂಗಸೂಗೂರಿಗೆ ಹೋಗಿ ಅತ್ತಿಗೆಗೆ ಕೇಳಿಸಿದೆ. ಅವರು ಹಾಡು ಕೇಳಲಿಲ್ಲ, ನಡುನಡುವಿನ ನಿನ್ನನ್ನಷ್ಟೇ ಕೇಳಿದರು. “ಫೋನ್‌ನ್ಯಾಗೂ ಇಷ್ಟ. ನಾ ಹೇಳಾಕಿ, ಅವ್ರು ಹೂಂ ಅನ್ನಾವ್ರು. ಆ ಹೂಂ ಮ್ಯಾಲೇ ಹನ್ನೊಂದು ವರ್ಷ ಸಂಸಾರ ಮಾಡೀನಿ,” ಎಂದರು.

“ಮದ್ಲು ಅದನ್ನ ತೆಗಿಸಿದಾಂವ ನಾನರೀ ಅತ್ತಿಗಿ.”

“ಗೊತ್ತೈತಿ, ಹೇಳಿದ್ರು. ‘ಹನುಮ್ಯಾ ದೊಡ್ಡಾಂವ ಆಗ್ಯಾನ, ಅವಗ ಹೂಂ ಬ್ಯಾಡಾಗೇತಿ’ ಅಂತ ನಕ್ರು. ಆಮ್ಯಾಲೆ ಫೋನ್ ಕಟ್ಟಾತೇನೋ ಅಂತ ನಾ ಹಲೋ ಹಲೋ ಅಂದೆ.”

ಕೊನೆಯ ದಿನದ್ದು ನನ್ನ ಫೋನಿನಲ್ಲಿ ರೆಕಾರ್ಡ್ ಆಗಿತ್ತು, ಅದನ್ನೂ ಕೇಳಿಸಿದೆ. ನಿನ್ನ ಒಂದು ಹೂಂ ಬಂತು, ಡ್ಯೂಟಿಯ ಫೋನ್ ರಿಂಗಾಯಿತು, ರೆಕಾರ್ಡಿಂಗ್ ಅಲ್ಲಿಗೆ ನಿಂತಿತು. ಅತ್ತಿಗೆ ಕಣ್ಣೊರೆಸಿಕೊಂಡು, “ಮುಂದೇನಾತು?” ಎಂದರು. ನಾನು ಹೇಳಿದೆ, ಅವರು ಸಾಲು ಸಾಲಿಗೂ ಹೂಂ ಎಂದರು.

ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ. ಎಮ್ಮೆ ಸಿಕ್ಕಿತಣ್ಣ. ಯಾರದೋ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರು. ನಮ್ಮಲ್ಲಿಲ್ಲ, ಮುಂದಕ್ಕೆ ಹೋಗು ಎಂದು ಆ ಮನೆಯವರು ಅಂದರು. ಮುದುಕಿ ಅವರ ಮಾತಿಗೆ ಎದುರಾಡಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ನಿಂತು ಅದರ ಹೆಸರು ಹಿಡಿದು ಒಮ್ಮೆ ಕರೆದಳು.

ಒಳಗಿನಿಂದ ಅದು ಓಗೊಟ್ಟಿತು.

ನಿನ್ನ,
ಹನುಮೇಶ