ನಾಮಿನಿ ಕಾಲಮ್ಮಿನಲ್ಲಿ ನಿಮ್ಮ ಹೆಸರು

ನಿಘಂಟು ವಿಭಾಗ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೨, ಮಂಗಳವಾರ

ಏನೂಂದ್ರೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಪ್ರಿಯ, ಪೂಜ್ಯ, ಮಾನ್ಯ ಮೂರನ್ನೂ ತೂಗಿ ನೋಡಿ, ಯಾವುದೂ ನಿಮ್ಮ ಅಳತೆಗೆ ಹೊಂದದೆ ಹಳೆಯ ಕರೆಗೇ ಬಂದೆ. ನಾನು ಚೆನ್ನಾಗಿದ್ದೇನೆ. ಈ ವಾಕ್ಯವನ್ನು ಆಮೇಲೆ ತಿದ್ದುತ್ತೇನೆ.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ‘ಎನ್’ ಅಕ್ಷರಕ್ಕೆ ಬಂದಿದೆ. ಈ ವಾರ ನನ್ನ ಪಾಲಿಗೆ ‘ನಾಮಿನೇಟ್’ ಮತ್ತು ಅದರ ಬಂಧುಬಳಗ. ನಾಮಿನೇಟ್ ಎಂದರೆ ಹೆಸರು ಸೂಚಿಸು. ಕೆಲವೊಮ್ಮೆ ಸೂಚಿಸಿದ ಉಸಿರಿನಲ್ಲೇ ನೇಮಿಸು. ಹಾಗೆ ಸಿಕ್ಕಿಬಿದ್ದವರು ನಾಮಿನಿ. ನಾಮಿನಲ್ ಎಂದರೆ ಹೆಸರಿಗಷ್ಟೇ. ಪ್ರತಿ ಅರ್ಥಕ್ಕೂ ಒಂದು ಉದಾಹರಣೆ ವಾಕ್ಯ ಬೇಕೆಂಬ ನಿಯಮ ನೀವು ಇಲ್ಲಿದ್ದಾಗಿನದೇ. ‘ನಾಮಿನಲ್’ಗೆ ನಮ್ಮ ಮುಖ್ಯ ಸಂಪಾದಕರ ಮೇಲೊಂದು ವಾಕ್ಯ ಬರೆದು ಹೊಡೆದುಹಾಕಿದೆ. ಪಕ್ಕದ ಮೇಜಿನ ಅರ್ಧವಿರಾಮ (ಯಾವ ಮಾತನ್ನೂ ಮುಗಿಸದ ಪುಣ್ಯಾತ್ಮನಿಗೆ ನಾವಿಟ್ಟ ಹೆಸರು) ಇಣುಕಿ ನೋಡಿ, ಮೇಡಂ, ನಿಜಾನೇ, ಆದ್ರೂ, ಎಂದು ಅಷ್ಟಕ್ಕೇ ನಿಲ್ಲಿಸಿದರು.

ಈಗ ತಿದ್ದುಪಡಿ. ನನ್ನ ಕತ್ತಿನಲ್ಲಿ ಒಂದು ಗಂಟು ಇದೆ. ಶುಕ್ರವಾರ ಆಪರೇಷನ್. ಅದು ಧ್ವನಿಯ ನರಕ್ಕೆ ಅಂಟಿಕೊಂಡಿರಬಹುದು, ತೆರೆದ ಮೇಲೇ ಗೊತ್ತಾಗೋದು, ಎಂದರು ಡಾಕ್ಟರು. ಅಂಟಿದ್ದರೆ ನರವನ್ನೂ ತೆಗೆಯಬೇಕೇ, ಹಾಗೇ ಹೊಲಿದು ಬೇರೆ ದಾರಿ ನೋಡಬೇಕೇ ಎಂದು ಹೊರಗೆ ಕೂತ ಒಬ್ಬರನ್ನು ಕೇಳುತ್ತಾರಂತೆ. ಆ ಒಬ್ಬರ ಹೆಸರಿಗಾಗಿ ಆಸ್ಪತ್ರೆಯ ಅರ್ಜಿಯಲ್ಲಿ ಒಂದು ಕಾಲಂ.

ದಿನವಿಡೀ ಪದಗಳ ಚೀಟಿ ಬರೆದ ಕೈ ನೋಡಿ, ‘ನಾಮಿನಿ’ ಎಂಬುದರ ಎದುರಿಗೆ ‘ಮತ್ತೊಬ್ಬರ ಪರವಾಗಿ ನಡೆದುಕೊಳ್ಳಲು ಸೂಚಿಸಲ್ಪಟ್ಟ ವ್ಯಕ್ತಿ’ ಎಂದು ದುಂಡಗೆ ಬರೆದುಕೊಟ್ಟೆ. ಕೌಂಟರಿನಾಕೆ ಎರಡು ಸಲ ಓದಿ, ಅರ್ಥ ನಮಗೂ ಗೊತ್ತಮ್ಮಾ, ಆಳು ಯಾರು ಹೇಳಿ, ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಳು ಮಾತ್ರ ಹೊಳೆಯಲಿಲ್ಲ.

ಅಣ್ಣನ ಹೆಸರು ಬರೆಯಬಹುದಿತ್ತು. ಚಪ್ಪಲಿ ಆರಿಸಲೂ ಅವನಿಗೆ ಅತ್ತಿಗೆ ಬೇಕು, ಅತ್ತಿಗೆಗೆ ಅವರ ತಂಗಿ ಬೇಕು. ಅವರೆಲ್ಲ ಒಮ್ಮತಕ್ಕೆ ಬರುವಷ್ಟರಲ್ಲಿ ನನಗೇ ಎಚ್ಚರವಾಗಿರುತ್ತದೆ. ಹೊಸ ಅರ್ಜಿ ಕೇಳಿ ಪಡೆದು ನಿಮ್ಮ ಹೆಸರು ಬರೆದೆ.

ನಿಮಗೆ ಆಶ್ಚರ್ಯವಾದೀತು. ಮುಖ್ಯ ಸಂಪಾದಕರ ಹುದ್ದೆಗೆ ಸಮಿತಿಯವರು ನನ್ನ ಹೆಸರು ಎತ್ತಿದಾಗ, ಅವಳ ಕೈಲಿ ಆಗೋಲ್ಲ ಬಿಡಿ, ಈಗಲೇ ಸುಸ್ತಾಗಿರ್ತಾಳೆ, ಎಂದು ಅಲ್ಲೇ ಹಿಂತೆಗೆಸಿದವರು ನೀವು. ನಾಮ ಸೂಚಿಸಿದವರು ಅವರು, ನಾಮ ಹಾಕಿದವರು ನೀವು. ಒಳ್ಳೇದಕ್ಕೇ ಮಾಡಿದ್ದು ಅಂದಿರಿ. ಆ ಒಳ್ಳೆಯದನ್ನು ನಿಮಗೇ ಬಿಟ್ಟು, ಒಂದು ಸೂಟ್‌ಕೇಸು ಹಿಡಿದು ಹೊರಟೆ. ಹಾಗೆ ನೋಡಿದರೆ, ನನ್ನನ್ನು ಕೇಳದೆ ನನ್ನ ವಿಷಯ ತೀರ್ಮಾನಿಸುವುದರಲ್ಲಿ ನಿಮ್ಮಷ್ಟು ಅನುಭವಸ್ಥರು ಈ ಊರಲ್ಲಿಲ್ಲ. ಶುಕ್ರವಾರ ನನ್ನನ್ನು ಕೇಳುವಂತಿರುವುದಿಲ್ಲ. ಕೈ ನಡುಗದೆ ಸಹಿ ಹಾಕುವವರು ಬೇಕು.

ತಮಾಷೆ ಬದಿಗಿಡುತ್ತೇನೆ. ಆ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲದಿದ್ದರೆ, ಹೊಲಿದು ಎಬ್ಬಿಸಿ, ಅವಳನ್ನೇ ಕೇಳಿ ಎನ್ನಿ. ಅಪಾಯವಿದ್ದರೆ ನರ ತೆಗೆಯಲಿ. ಧ್ವನಿ ಹೋದರೂ ಪೆನ್ನು ಇರುತ್ತದೆ. ನಾನು ಊಹಿಸದ ಮೂರನೆಯದೇನಾದರೂ ಎದುರಾದರೆ ನಿಮಗೆ ತೋಚಿದಂತೆ ಮಾಡಿ. ಆಮೇಲೆ ಜಗಳಕ್ಕೆ ಬರುವುದಿಲ್ಲ. ಬಂದರೂ ಸದ್ದಾಗದು.

ಅರ್ಜಿ ಲಗತ್ತಿಸಿದ್ದೇನೆ. ನಾಮಿನಿಯ ಸಹಿ ಕಡ್ಡಾಯವೇನಲ್ಲ, ಹೆಸರಿದ್ದರೆ ಸಾಕು, ಎಂದಳು ಕೌಂಟರಿನಾಕೆ. ನನಗೆ ಕಡ್ಡಾಯ. ಒಲ್ಲೆನೆಂದರೆ ಗುರುವಾರದೊಳಗೆ ತಿಳಿಸಿ, ಅತ್ತಿಗೆಯ ತಂಗಿಗೆ ಹೇಳಿಕಳಿಸುತ್ತೇನೆ.

ಇತಿ,
ಕಾಗದಪತ್ರಗಳ ಪ್ರಕಾರ ಈಗಲೂ
ನಿಮ್ಮ ಹೆಂಡತಿ

ತಾ.ಕ.: ಅಂದು ಸಭೆಗೆ ಹೋಗುವ ಮುಂಚೆ ನೀವು ಒಂದು ಮಾತು ಕೇಳಿದ್ದರೆ, ನಾನೇ ಆ ಹುದ್ದೆ ಬೇಡ ಎನ್ನುತ್ತಿದ್ದೆ. ಬೇಡವೆಂದು ಬರೆದ ಪತ್ರ ಬೆಳಿಗ್ಗೆಯಿಂದ ನನ್ನ ಚೀಲದಲ್ಲಿತ್ತು. ಒಂಬತ್ತು ವರ್ಷ ಇದನ್ನು ನಿಮಗೆ ಹೇಳದೆ ಉಳಿದದ್ದು ನನ್ನ ತಪ್ಪು. ಗೆಲ್ಲುತ್ತಿದ್ದ ಜಗಳವನ್ನು ಕೈಯಾರೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆದರೂ ನೀವು ಕೇಳಬೇಕಿತ್ತು. ಈಗ ನಾನು ಕೇಳುತ್ತಿದ್ದೇನೆ: ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬರ್ತೀರಾ?